ಅಣ್ಣನ ತಲೆ, ತಮ್ಮನ ಕತ್ತರಿ

ಮೊನ್ನೆ ಬೀರುವಿನ ತಳದಿಂದ ಒಂದು ಹಳೆಯ ಹೊದಿಕೆ ತೆಗೆದೆ. ಮಾಸಿದ ನೀಲಿ ಬಣ್ಣ, ಅಂಚಿನಲ್ಲಿ ಬಿಳಿ ಹೂವು. ಎಷ್ಟೋ ಸಲ ಒಗೆದು ಒಣಗಿಸಿ ಮಡಚಿಟ್ಟದ್ದು. ಕೊಡವಿದಾಗ ಅಂಗೈಗೆ ಏನೋ ಚುಚ್ಚಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ನೂಲಿನ ಸಂದಿಯಲ್ಲಿ ನೆಟ್ಟಗೆ ನಿಂತ ಪುಟ್ಟ ಪುಟ್ಟ ಬಿಳಿ ಕೂದಲು. ಅವು ನನ್ನ ಮಾವನವರ ಕೂದಲು. ಕತ್ತರಿಸಿದ ಕೈ ಚಿಕ್ಕಮಾವನದು, ಮಾವನವರ ತಮ್ಮನದು. ಆ ಕೈ ಈಗ ಇಲ್ಲ...

ಹಾಸನದಲ್ಲಿ ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕದಲ್ಲೇ ಇದ್ದವು. ನಡುವೆ ಎದೆಮಟ್ಟದ ಕಾಂಪೌಂಡು. ನಾನು ಹೊಳೆನರಸೀಪುರದಿಂದ ಸೊಸೆಯಾಗಿ ಬರುವಷ್ಟರಲ್ಲೇ ಅವರಿಬ್ಬರಿಗೆ ಮಾತು ನಿಂತು ಹೋಗಿತ್ತು. ಚಿಕ್ಕಮಾವ ನನ್ನನ್ನು ಮಾತ್ರ ಗೋಡೆಯ ಆಚೆಯಿಂದ ಕರೆದು ಮಾತಾಡಿಸುತ್ತಿದ್ದರು. ಮಾತಾಡುವಾಗಲೂ ಅವರ ಕಣ್ಣು ನನ್ನ ಹಿಂದಿನ ಬಾಗಿಲಿನ ಕಡೆಗೇ ಇರುತ್ತಿತ್ತು.

ಜಗಳದ ಮೂಲವನ್ನು ಆಗ ಬದುಕಿದ್ದ ಅತ್ತೆ ಹೇಳಿದ್ದರು. ಶಾಂತಿಗ್ರಾಮದ ಹತ್ತಿರದ ಊರಿನಲ್ಲಿ ಇವರ ಅಪ್ಪ ತೀರಿಕೊಂಡಾಗ ಗಂಡುಮಕ್ಕಳಿಬ್ಬರೂ ತಲೆ ಬೋಳಿಸಿಕೊಳ್ಳಬೇಕಿತ್ತು. ಚಿಕ್ಕಮಾವ ಒಲ್ಲೆ ಎಂದರು. ಯಾಕೆಂದು ಹೇಳಲಿಲ್ಲ. ನೆಂಟರೆಲ್ಲರ ಎದುರಿಗೇ ಮಾವ, “ಹೆತ್ತಪ್ಪನಿಗಿಂತ ಕ್ರಾಪು ಹೆಚ್ಚಾಯ್ತೇನ್ಲಾ ನಿಂಗೆ? ನಾಳೆ ನಾನ್ ಸತ್ರೂ ಬರ್ಬೇಡ ಓಗು” ಎಂದುಬಿಟ್ಟರಂತೆ. ನಿಜ ಏನೆಂದರೆ, ಆಗ ಚಿಕ್ಕತ್ತೆ ಬಸುರಿ. ಹಿಂದಿನ ಬಸುರುಗಳು ನಿಂತಿರಲಿಲ್ಲ. ದೃಷ್ಟಿಯಾದೀತೆಂದು ಗಂಡ ಹೆಂಡತಿ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಬಸುರಿಯ ಗಂಡ ಕೂದಲು ತೆಗೆಸಬಾರದೆಂಬ ನಂಬಿಕೆ ನಮ್ಮ ಕಡೆ ಇದೆ. ಆ ಹೆದರಿಕೆಗೆ ಅವರು ಅಪ್ಪನ ಸಾವಿನಲ್ಲೂ ತಲೆಗೂದಲು ಉಳಿಸಿಕೊಂಡರು. ಆದರೂ ಆ ಬಸುರು ಉಳಿಯಲಿಲ್ಲ. ಮತ್ತೆ ಆಗಲೂ ಇಲ್ಲ. ಇದೆಲ್ಲ ಚಿಕ್ಕತ್ತೆಯ ಬಾಯಿಂದ ಅತ್ತೆಗೆ ಆಮೇಲೆ ತಿಳಿಯಿತು. ಮಾವನಿಗೆ ತಿಳಿದಿದೆಯೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಲಾಕ್‌ಡೌನಿನಲ್ಲಿ ಸಲೂನುಗಳೆಲ್ಲ ಮುಚ್ಚಿದವು. ಮಾವನ ಕೂದಲು ಕಿವಿಯ ಮೇಲೆ ಇಳಿಯಿತು. ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರ್ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡವಳು ನಾನು, ಬಟ್ಟೆಯಷ್ಟೇ ಸಲೀಸು ಎಂದುಕೊಂಡೆ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಸ್ಟೂಲು ಹಾಕಿ, ಆ ನೀಲಿ ಹೊದಿಕೆ ಹೊದಿಸಿ ಶುರು ಮಾಡಿದೆ. ಬಲಗಡೆ ಸರಿಮಾಡಿದರೆ ಎಡಗಡೆ ಮೆಟ್ಟಿಲಾಗುತ್ತಿತ್ತು.

ಗೋಡೆಯಾಚೆಯಿಂದ ನಗು ಕೇಳಿತು. “ಏನವ್ವಾ, ಕಾನ್ವೆಂಟಲ್ಲಿ ಇದೇಯಾ ಕಲ್ಸಿದ್ದು? ಮೇಕೆ ಮೇಯ್ದಂಗೈತಲ್ಲ ನಿಮ್ಮಾವನ ತಲೆ!”

ಮಾವ ತಿರುಗಲಿಲ್ಲ. ಎದುರಿನ ತೆಂಗಿನ ಮರಕ್ಕೆ ಹೇಳುವವರಂತೆ ಹೇಳಿದರು. “ಮೇಕೆನಾದ್ರೂ ಬಂತು. ಮನುಷ್ಯರು ಬರ್ಲಿಲ್ಲ.”

ನಾನು ಕತ್ತರಿ ಹಿಡಿದು ಹಾಗೇ ನಿಂತಿದ್ದೆ. ಆಚೆಮನೆಯ ಗೇಟು ತೆರೆಯಿತು, ನಮ್ಮ ಗೇಟು ತೆರೆಯಿತು. ಚಿಕ್ಕಮಾವ ಕತ್ತರಿ, ಬಾಚಣಿಗೆ ಹಿಡಿದು, ಹೊರಗಿನ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದರು. ಚಿಕ್ಕಂದಿನಲ್ಲಿ ಇಬ್ಬರೂ ಊರಲ್ಲಿ ರಾಗಿ ಹೂತಿಡುವ ಹಗೇವಿನ ಕಟ್ಟೆ ಮೇಲೆ ಕೂತು ಒಬ್ಬರ ತಲೆ ಒಬ್ಬರು ಕತ್ತರಿಸುತ್ತಿದ್ದರೆಂದು ಅತ್ತೆ ಹೇಳಿದ್ದು ನೆನಪಾಯಿತು. ಅವರು ಅಣ್ಣನ ಹಿಂದೆ ನಿಂತು ಕಿವಿಯನ್ನು ಎರಡು ಬೆರಳಲ್ಲಿ ಮಡಚಿ ಹಿಡಿದರು. ಮಾವ ಕಣ್ಣು ಮುಚ್ಚಿಕೊಂಡರು.

ಬಹಳ ಹೊತ್ತು ಕತ್ತರಿಯದೇ ಸದ್ದು. ಆಮೇಲೆ ಚಿಕ್ಕಮಾವ ಮೆಲ್ಲಗೆ, “ಅಣ್ಣಯ್ಯಾ, ಅವತ್ತು ಅವಳು ಬಸುರಿ ಕಣಣ್ಣ” ಎಂದರು.

“ಗೊತ್ತು ಕಣ್ಲಾ.”

ಕತ್ತರಿ ನಿಂತಿತು. “ಯಾವಾಗ ಗೊತ್ತಾಯ್ತು?”

“ಆಗ್ಲೇ. ಅವಳು ಆಸ್ಪತ್ರೆಲಿದ್ದಾಗ್ಲೇ.”

“ಗೊತ್ತಿದ್ದೂ ಬರ್ಲಿಲ್ವಾ?”

ಮಾವ ಹೊದಿಕೆಯೊಳಗೆ ಕೈ ಹಿಸುಕಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. “ಯಾವ್ ಮೊಕ ಇಟ್ಕಂಡು ಬರ್ಲಾ...”

ಚಿಕ್ಕಮಾವ ಈಗ ಕತ್ತರಿ ಎತ್ತಿಕೊಂಡು ಹೋಗುತ್ತಾರೆಂದೇ ಅಂದುಕೊಂಡೆ. ಅವರು ಬಾಚಣಿಗೆಯನ್ನು ಪಂಚೆಗೆ ಒರೆಸಿಕೊಂಡರು. “ಒಸಿ ತಲೆ ಬಗ್ಸು” ಎಂದರು, ಅಷ್ಟೇ.

ಆಮೇಲೆ ತಿಂಗಳಿಗೊಂದು ಬುಧವಾರ ಅವರು ಬರತೊಡಗಿದರು. ಸಲೂನು ತೆರೆದ ಮೇಲೂ ಬಂದರು. ಕಾಫಿ ಕುಡಿಯುತ್ತಿದ್ದರು, ಬೂವನಹಳ್ಳಿ ಕಡೆಯ ಜಮೀನಿನ ರೇಟು ಮಾತಾಡುತ್ತಿದ್ದರು. ಹಳೆಯದನ್ನು ಮಾತ್ರ ಮತ್ತೆ ಎತ್ತಲಿಲ್ಲ. ಚಿಕ್ಕತ್ತೆ ಒಮ್ಮೆಯೂ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಲಾಕ್‌ಡೌನ್ ತಂದ ಆ ಕಾಯಿಲೆ ಚಿಕ್ಕಮಾವನಿಗೇ ಬಂತು. ಆಂಬುಲೆನ್ಸಿಗೆ ತಾವೇ ನಡೆದು ಹೋಗಿ ಹತ್ತಿದರು. ತಿರುಗಿ ಬರಲಿಲ್ಲ. ಆಸ್ಪತ್ರೆಯವರು ಮುಖ ಕೂಡ ಯಾರಿಗೂ ತೋರಿಸಲಿಲ್ಲ. ಮಕ್ಕಳಿಲ್ಲದ ಅವರಿಗೆ ನನ್ನ ಗಂಡನೇ ತಲೆ ಬೋಳಿಸಿಕೊಂಡು ಕಾರ್ಯ ಮಾಡಿದರು. ಆ ದಿನ ಮಾವನೂ ಬಂದು ಬೋಳಿಸಿಕೊಳ್ಳುವವರ ಸಾಲಿನಲ್ಲಿ ಕೂತರು. ಊರಿನಿಂದ ಬಂದ ಹಿರಿಯರೊಬ್ಬರು ಅವರ ಹೆಗಲು ಮುಟ್ಟಿ, “ಕಿರಿಯವ್ನಿಗೆ ಹಿರಿಯವ್ನು ಬೋಳಿಸ್ಕಳಂಗಿಲ್ಲ ಕಣಪ್ಪಾ, ಏಳು” ಎಂದರು. ಮಾವ ಎದ್ದರು. ಅಪ್ಪನ ಸಾವಿನಲ್ಲಿ ತಮ್ಮನಿಗೆ ಪದ್ಧತಿ ಹೇಳಿಕೊಟ್ಟವರಿಗೆ ಈಗ ಅದನ್ನು ಮೀರಲು ಆಗಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ತಾವೇ ಸ್ಟೂಲು ತಂದು ಹಿತ್ತಲಲ್ಲಿ ಕೂತು ನನ್ನನ್ನು ಕರೆದರು.

“ಪೂರ್ತಿ ತೆಗ್ದುಬುಡವ್ವಾ.”

“ಮಾವ, ಹಿರಿಯರು ಬೇಡ ಅಂದ್ರಲ್ಲ...”

“ಯಾರಾರ ಕೇಳಿದ್ರೆ ಹೇನಾಗಿತ್ತು ಅನ್ನು.”

ಗಂಡನ ಟ್ರಿಮ್ಮರಿನಲ್ಲಿ ತೆಗೆದೆ. ಕೂದಲು ಹೋದ ಮೇಲೆ ಅವರ ತಲೆ ಎಷ್ಟು ಚಿಕ್ಕದೆಂದು ಕಂಡಿತು, ಕಣತಲೆಯ ನರ ಹಸಿಕೂಸಿನ ನೆತ್ತಿಯಂತೆ ಮಿಡಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಗೋಡೆಯಾಚೆ ಚಿಕ್ಕತ್ತೆ, ಬರೀ ಹಣೆಯಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಈಗ್ ಬೋಳಿಸ್ಕಂಡು ಏನ್ ಬಂತು ಬಾವ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತು ಆಸ್ಪತ್ರೆ ಬಾಗ್ಲಿಗೆ ಬಂದು ನಿಂತಿದ್ರೆ ಸಾಕಿತ್ತು. ನಮ್ಮನೆಯವ್ರು ಸಾಯೋವರ್ಗೂ ಅದನ್ನೇ ಅಂದ್ರು.”

ಮಾವ ಬೋಳುತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದರು...

ಚಿಕ್ಕಮಾವ ಕ್ಷಮಿಸಿದ್ದಾರೆಂದು ನಾನೂ ನಂಬಿದ್ದೆ. ಬಹುಶಃ ಅವರು ಕ್ಷಮಿಸಿರಲಿಲ್ಲ, ಆದರೂ ಬರುತ್ತಿದ್ದರು. ಎರಡರಲ್ಲಿ ಯಾವುದು ದೊಡ್ಡದೋ ನನಗೆ ಈಗಲೂ ತಿಳಿಯದು.

ಮಾವ ಇವತ್ತಿಗೂ ಸಲೂನಿಗೆ ಹೋಗುವುದಿಲ್ಲ. ನಾನೇ ಕತ್ತರಿಸುತ್ತೇನೆ, ಕೈ ಒಂದಿಷ್ಟು ಕುದುರಿದೆ. ನಾವು ಹಿತ್ತಲಿಗೆ ಬಂದದ್ದು ತಿಳಿದ ಕೂಡಲೇ ಆಚೆಮನೆಯ ಹಿಂಬಾಗಿಲು ಮುಚ್ಚುತ್ತದೆ. ಚಿಲಕದ ಸದ್ದಿಗೆ ಮಾವನ ಹೆಗಲು ಒಂದಿಷ್ಟು ಕುಗ್ಗುತ್ತದೆ. ಆ ಹೆಗಲು ಮತ್ತೆ ನೆಟ್ಟಗಾಗುವವರೆಗೆ ನಾನು ಕತ್ತರಿಯನ್ನು ಗಾಳಿಯಲ್ಲೇ ಹಿಡಿದಿರುತ್ತೇನೆ. ಆಮೇಲೆ ಕತ್ತರಿಸುತ್ತೇನೆ.