ತಂಗಡಿ ತೊಗಟೆಯ ನೀರು

ಅಪ್ಪ ಸತ್ತ ಹದಿನೈದನೆಯ ದಿನ ಮೈಸೂರಿನ ಆಸ್ಪತ್ರೆಯ ಡಾಕ್ಟರು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಹೆಣವನ್ನು ಕೊಯ್ದು ನೋಡಲು ಸಹಿ ಹಾಕಿದ್ದವನು ನಾನೇ. ಅಪ್ಪ ಹೇಗೆ ಸತ್ತರೆಂದು ತಿಳಿಯಬೇಕಿತ್ತು. ಯಾರಿಂದ ಸತ್ತರೆಂಬುದು ಆಗಲೇ ಗೊತ್ತಿತ್ತು.

ದೊಡ್ಡಪ್ಪ ಹುಣಸೂರಿನಲ್ಲಿ ತೊಗಲು ಹದ ಮಾಡುತ್ತಿದ್ದರು. ಅಪ್ಪನೂ ಅವರ ಜೊತೆಗೇ ದುಡಿದವರು; ನಾನೊಬ್ಬನೇ ಶಾಲೆಯ ಮೇಷ್ಟ್ರಾದೆ. ಅಪ್ಪನಿಗೆ ಮೂತ್ರ ಕಟ್ಟಿದಾಗ ಊರಿನ ಕಾಂಪೌಂಡರು ರಬ್ಬರ್ ನಳಿಕೆ ಹಾಕಿ, ಕಾಯಿಸಿ ಆರಿಸಿದ ಉಪ್ಪುನೀರಿನಿಂದ ದಿನವೂ ಒಳಗೆ ತೊಳೆಯುವುದನ್ನು ನನಗೆ ಕಲಿಸಿ ಹೋದರು. ಆದರೂ ನಳಿಕೆಯ ಪಕ್ಕದಿಂದ ಹನಿ ಜಿನುಗಿ ಚಾಪೆ ನೆನೆಯುತ್ತಿತ್ತು. ದೊಡ್ಡಪ್ಪ ಬಂದು ನೋಡಿದರು.

"ಒಳಗಿನ ಉಚ್ಚೆ ಚೀಲ ಸೋರ್ತಾ ಅದೆ ಕಣ್ಲಾ. ಉಪ್ಪುನೀರಲ್ಲಿ ತೊಗಲು ಕೊಳೆಯಾಕಿಲ್ಲ ಅಷ್ಟೆ, ಹದ ಆಗಾಕಿಲ್ಲ."

"ಅದು ಜೀವ ಇರೋ ಅಂಗ, ದೊಡ್ಡಪ್ಪ."

"ಬಳಪ ಹಿಡ್ಯೋನು ನಂಗೆ ತೊಗಲು ಕಲಿಸ್ತೀಯಾ? ಬಾವಿ ನೀರೆತ್ತೋ ಕಪಿಲೆ ಚೀಲ ಸೋರಿದ್ರೆ ಏನ್ಲಾ ಮಾಡ್ತೀವಿ? ತೊಗಟೆ ನೀರು ಉಯ್ಯಾಕಿಲ್ವಾ?"

ಅಪ್ಪ ಮಲಗಿದ್ದಲ್ಲಿಂದಲೇ ಅಂದರು: "ಅಣ್ಣ ಯೋಳ್ದಂಗೆ ಮಾಡಪ್ಪ. ಅವನ ಕೈಲಿ ಕೆಟ್ಟ ತೊಗಲು ನಾ ಕಂಡಿಲ್ಲ."

ತೊಗಲು ಹದ ಮಾಡುವ ತಂಗಡಿ ಗಿಡದ ತೊಗಟೆಯನ್ನು ನಾನು ಕುಟ್ಟಿದೆ. ದೊಡ್ಡಪ್ಪ ಅದಕ್ಕೆ ಪಟಿಕ ಸೇರಿಸಿ, ಹದದ ತೊಟ್ಟಿಗೆ ಹಾಕುವಷ್ಟೇ ಗಟ್ಟಿಯಾಗಿ ಕಾಯಿಸಿದರು. ಆರಿದ ಮೇಲೆ ನಳಿಕೆಗೆ ಹುಯ್ದವನು ನಾನು. ಅಪ್ಪ ಕಿರುಚಿದರು.

"ಕಚ್ತಾ ಅದೆ ಅಂದ್ರೆ ಹದ ಇಡೀತಾ ಅದೆ," ಎಂದರು ದೊಡ್ಡಪ್ಪ. ನಾಲ್ಕು ದಿನ ಹಾಗೆಯೇ ನಡೆಯಿತು. ಐದನೆಯ ದಿನ ನಳಿಕೆಯಲ್ಲಿ ರಕ್ತ, ಮೈಯಲ್ಲಿ ಜ್ವರ. ಮೈಸೂರಿಗೆ ಸಾಗಿಸಿದೆವು. ಎರಡು ದಿನವೂ ಉಳಿಯಲಿಲ್ಲ.

ಡಾಕ್ಟರು ಮೊದಲು ತೋರಿಸಿದ್ದು ಆರೋಗ್ಯವಂತನೊಬ್ಬನ ಮೂತ್ರಕೋಶದ ಒಳಪೊರೆ. ಗಾಜಿನ ಮೇಲೆ ನೇರಳೆ, ಗುಲಾಬಿ ಬಣ್ಣ. ತಳದಲ್ಲಿ ರಾಗಿ ಕಾಳಿನಂಥ ಸಣ್ಣ ಜೀವಕಣಗಳು ಒತ್ತೊತ್ತಾಗಿ. ಅವುಗಳ ಮೇಲೆ ಎರಡು ಮೂರು ಸಾಲು ಉದ್ದನೆಯವು. ಎಲ್ಲಕ್ಕಿಂತ ಮೇಲೆ, ಮೂತ್ರ ತಾಗುವ ಕಡೆ, ಛತ್ರಿ ಬಿಚ್ಚಿದ ಹಾಗೆ ಅಗಲವಾದ ಒಂದೇ ಸಾಲು. ಕೋಶ ತುಂಬಿದಾಗ ಈ ಸಾಲುಗಳು ಹರಡಿ ತೆಳ್ಳಗಾಗುತ್ತವಂತೆ, ಬಿರಿಯುವುದಿಲ್ಲವಂತೆ. ಮೂತ್ರದ ವಿಷ ಮರಳಿ ಮೈಗೆ ಇಳಿಯದಂತೆ ಮುಖ್ಯವಾಗಿ ತಡೆಯುವುದು ಆ ಮೇಲಿನ ಸಾಲೇ.

"ಇಷ್ಟು ಬಿಗಿಯಾದ ಪೊರೆ ಮೈಯಲ್ಲಿ ಬೇರೆಲ್ಲೂ ಸಿಗೋದು ಕಷ್ಟ ಮೇಷ್ಟ್ರೆ," ಎಂದರು.

ಆಮೇಲೆ ಅಪ್ಪನದನ್ನು ಇಟ್ಟರು. ಛತ್ರಿಗಳ ಸಾಲೇ ಇರಲಿಲ್ಲ. ಕೆಳಗಿನವು ಊದಿ, ಚಿಂದಿಯಾಗಿ, ಅಲ್ಲಲ್ಲಿ ತಳದ ಮಾಂಸವೇ ಬೆತ್ತಲಾಗಿ ಕಾಣುತ್ತಿತ್ತು. ನಾವು ಹದ ಮಾಡಲು ಹೊರಟ ತೊಗಲು ಇದು.

"ಏನೋ ಸುಟ್ಟಿದೆ. ಒಳಗೆ ಏನು ಹಾಕಿದ್ರಿ?"

ತೊಗಟೆಯ ಕಂದು ಬಣ್ಣ ನನ್ನ ಉಗುರಿನ ಸಂದಿಯಿಂದ ಇನ್ನೂ ಹೋಗಿರಲಿಲ್ಲ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

"ಉಪ್ಪುನೀರು," ಎಂದೆ.

ಹುಣಸೂರಿಗೆ ಹಿಂತಿರುಗಿದಾಗ ದೊಡ್ಡಪ್ಪ ತೊಟ್ಟಿಯ ಪಕ್ಕ ನಿಂತು ಎಮ್ಮೆಯ ತೊಗಲು ಕೆರೆಯುತ್ತಿದ್ದರು. ಕತ್ತಿ ನಿಲ್ಲಿಸಲಿಲ್ಲ.

"ಡಾಕ್ಟ್ರಿಗೆ ನನ್ನೆಸ್ರು ಯೋಳ್ದ್ಯಾ?"

"ಇಲ್ಲ. ಆದ್ರೆ ಅಪ್ಪನ್ನ ಕೊಂದೋರು ನೀವು."

"ಕುಟ್ಟಿದೋನು ನೀನು, ಉಯ್ದೋನು ನೀನು. ಇನ್ನೆಂಟು ದಿನ ಬುಟ್ಟಿದ್ರೆ ಹದ ಕೂತಿರೋದು. ನೀನೇ ಎದ್ರಿ ಮೈಸೂರಿಗೆ ಒತ್ಕೊಂಡೋದೆ."

ದೊಡ್ಡಪ್ಪನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಅವರು ಸತ್ತಾಗಲೂ ಹೋಗಲಿಲ್ಲ. ಡಾಕ್ಟರಿಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ. ತೊಗಟೆ, ಪಟಿಕ ಎಂಬಷ್ಟನ್ನು ಬರೆದೆ. ಯಾರು ಹುಯ್ದರು ಎಂಬಲ್ಲಿಗೆ ಬಂದು ಪ್ರತಿ ಸಲವೂ ಹರಿದು ಹಾಕಿದೆ.