ಮೂರನೇ ಅಕ್ಕನ ಫೋಟೊ ಏಕಿಲ್ಲ

ನಮ್ಮ ಬಂದರಿನ ಸ್ಮರಣ ಸಂಚಿಕೆ ಕಳೆದ ತಿಂಗಳು ಹೊರಬಂದಿದೆ. ನುಣುಪು ಕಾಗದ, ದಪ್ಪ ರಟ್ಟು, ಧಾರಾಳವಾಗಿ ಅಚ್ಚಿನ ತಪ್ಪುಗಳು. ಅದರಲ್ಲಿ ಮಹಿಳಾ ಕ್ರೇನ್ ಚಾಲಕಿಯರಿಗಾಗಿ ಒಂದು ಪುಟವನ್ನು ಮೀಸಲಿಟ್ಟಿದ್ದಾರೆ. ಮೊದಲನೆಯವರ ಫೋಟೊ ಅರ್ಧ ಪುಟದಷ್ಟು, ಎರಡನೆಯವರದು ಕಾಲು ಪುಟದಷ್ಟು. ಅವುಗಳ ಕೆಳಗೆ ಒಂದೇ ಸಾಲು: "ಅನಂತರ ಹಲವು ಮಹಿಳೆಯರು ಈ ವೃತ್ತಿಗೆ ಬಂದರು."

ಈ ಸಾಲು ತಪ್ಪು. ಎರಡನೆಯವರ ಅನಂತರ ಬಂದದ್ದು ಹಲವರಲ್ಲ, ಒಬ್ಬರು. ಆ ಒಬ್ಬರು ಜಗ್ಗದೆ ನಿಂತದ್ದರಿಂದ ಹಲವರು ಬಂದರು. ಸಂಚಿಕೆಯ ಸಂಪಾದಕರಿಗೆ ಫೋನ್ ಮಾಡಿ ಇದನ್ನು ತಿಳಿಸಿದೆ.

"ಸರ್, ಅವರದೊಂದು ಒಳ್ಳೇ ಫೋಟೊ ಸಿಗಲಿಲ್ಲ," ಎಂದರು ಆ ಯುವ ಸಂಪಾದಕರು.

"ಫೋಟೊ ಇಲ್ಲದವರು ಕೆಲಸವನ್ನೇ ಮಾಡಲಿಲ್ಲವೆಂದು ಅರ್ಥವೇ?"

"ಹಾಗಲ್ಲ ಸರ್, ಪುಟ ನೋಡೋಕೆ ಚೆನ್ನಾಗಿರಬೇಕಲ್ಲ."

ಪುಟ ಚೆನ್ನಾಗಿಯೇ ಇದೆ. ಸತ್ಯವೊಂದೇ ಅದರಲ್ಲಿ ಇಲ್ಲ. ಬಂದರಿನ ಹಾಜರಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಆ ಮಹಿಳೆಯರು ನಡೆಸುತ್ತಿದ್ದ ಕ್ರೇನು ಬುಡದಿಂದ ತುದಿಯವರೆಗೆ ಕಾಣುತ್ತಿತ್ತು. ಆ ಮೂರನೆಯವರ ಮನೆಯೂ ನನ್ನ ಮನೆಯೂ ಒಂದೇ ಮಹಡಿಯಲ್ಲಿ ಎದುರುಬದುರಾಗಿದ್ದವು. ಆದ್ದರಿಂದ ಆ ಫೋಟೊ ಏಕಿಲ್ಲವೆಂಬುದನ್ನು ನಾನೇ ಬರೆಯಬೇಕಾಗಿದೆ.

ಮೊದಲಿನ ಇಬ್ಬರನ್ನು ಹಗುರ ಮಾಡುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲ. ಮೊದಲನೆಯವರು ಏಣಿ ಹತ್ತಿದ ದಿನ ಕೆಳಗೆ ನಿಂತು ಹಲ್ಲು ಕಿರಿದವರು ಎಷ್ಟು ಮಂದಿಯೆಂದು ನಾನು ಬಲ್ಲೆ. ಅವರು ಅದನ್ನೆಲ್ಲ ನುಂಗಿಕೊಂಡು ಕೆಲಸ ಮಾಡಿದರು. ಆದರೆ ವರ್ಷ ತುಂಬುವ ಮೊದಲೇ ಅವರನ್ನು ತರಬೇತಿ ಕಚೇರಿಯ ಕುರ್ಚಿಗೆ ಕಳುಹಿಸಲಾಯಿತು. ಎರಡನೆಯವರು ಬಹಳ ಚುರುಕು. ಇನ್ನೊಂದು ಬಂದರಿನವರು ಹೆಚ್ಚಿನ ಹುದ್ದೆ ಕೊಟ್ಟು ಕರೆಸಿಕೊಂಡರು. ಮಹಿಳೆಯರಿಗೆಂದು ಪ್ರಾಯೋಗಿಕವಾಗಿ ಮಂಜೂರಾಗಿದ್ದದ್ದು ಮೂರೇ ಹುದ್ದೆ. ಮೂರನೆಯವರ ಪರೀಕ್ಷಾವಧಿ ಮುಗಿದ ಮೇಲೆ ವರದಿ ನೋಡಿ, ಹೆಂಗಸರಿಗೆ ಈ ಕೆಲಸವನ್ನು ಮುಂದುವರಿಸಬೇಕೋ ಮುಚ್ಚಿಬಿಡಬೇಕೋ ಎಂದು ತೀರ್ಮಾನಿಸುವುದಿತ್ತು. ಮೊದಲನೆಯವರು ಎಡವಿದ್ದರೆ ಹೊಸತಲ್ಲವೇ ಎಂದು ಕ್ಷಮಿಸುತ್ತಿದ್ದರು. ಮೂರನೆಯವರಿಗೆ ಆ ರಿಯಾಯಿತಿ ಇರಲಿಲ್ಲ.

ಹಾಗೆ ಬಂದ ಮೂರನೆಯವರನ್ನು ಹಮಾಲರು ಮೊದಲ ವಾರದಲ್ಲೇ 'ಮೂರನೇ ಅಕ್ಕ' ಎಂದು ಕರೆದರು. ಕೊನೆಯವರೆಗೂ ಅದೇ ಹೆಸರು ಉಳಿಯಿತು. ಆಕೆ ಮೌನಿಯಲ್ಲ, ಸಾಧುವೂ ಅಲ್ಲ. ದೊಡ್ಡ ಗಂಟಲು, ಇನ್ನೂ ದೊಡ್ಡ ನಗು. ಗ್ರೀಸಿನ ನಡುವೆ ದಿನವಿಡೀ ಕೂರುವವರಾದರೂ ಪಾದರಕ್ಷೆ ಮಾತ್ರ ಕನ್ನಡಿಯಂತೆ ಹೊಳೆಯಬೇಕು. ಕ್ಯಾಬಿನ್ನಿನ ನೆಲ ಗಾಜಿನದು. ಚಾಲಕರು ತಮ್ಮ ಕಾಲುಗಳ ನಡುವಿನಿಂದಲೇ ಕೆಳಗಿನ ಹಡಗನ್ನು ನೋಡಬೇಕು. "ದಿನಪೂರ್ತಿ ಕಾಲೇ ಕಣ್ಣಿಗೆ ಬೀಳುತ್ತೆ, ಅದಾದರೂ ಚೆನ್ನಾಗಿರಲಿ" ಎಂಬುದು ಆಕೆಯ ವಾದ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕ್ರೇನಿನವರಿಗೆ ಕೆಳಗಿನ ಮಾತು ಕೇಳಿಸುವುದಿಲ್ಲ. ಸನ್ನೆಗಾರ ಕೈ ತೋರಿಸಿದಂತೆ ಭಾರ ಏರುತ್ತದೆ, ಸರಿಯುತ್ತದೆ, ಇಳಿಯುತ್ತದೆ. ಎಲ್ಲ ಸನ್ನೆಗಳೂ ಅವನೊಬ್ಬನವೇ, ಒಂದನ್ನು ಬಿಟ್ಟು. ತಲೆಯ ಮೇಲೆ ಎರಡೂ ಕೈ ಎತ್ತಿ ಅತ್ತಿತ್ತ ಬೀಸಿದರೆ, ಬೀಸಿದವರು ಯಾರೇ ಆಗಿರಲಿ, ಕಸ ಗುಡಿಸುವವರೇ ಆಗಿರಲಿ, ಆ ಕ್ಷಣ ನಿಲ್ಲಿಸಬೇಕು. ಅಪಾಯವನ್ನು ಯಾರ ಕಣ್ಣು ಮೊದಲು ಕಾಣುತ್ತದೆಂದು ಹೇಳಲಾಗದು.

ಆದರೆ ಮೊದಲನೆಯವರ ಕಾಲದಿಂದ, ಹಡಗುಗಳು ನಿಲ್ಲುವ ನಮ್ಮ ಕಟ್ಟೆಯಲ್ಲಿ ಒಂದು ಕೆಟ್ಟ ರೂಢಿ ಬೆಳೆದಿತ್ತು. ಮೇಲೆ ಹೆಂಗಸು ಕೂತಿದ್ದಾರೆಂಬ ಸಂಭ್ರಮಕ್ಕೆ ಕೆಳಗಿದ್ದವರು ಕೈ ಬೀಸುವುದು. ನೋಡಲು ಬಂದವರಂತೂ ಎರಡೂ ಕೈ ಬೀಸುವುದು. ಮೇಲಿದ್ದ ಚಾಲಕಿಯರೂ ನಕ್ಕು ಕೈ ಬೀಸುತ್ತಿದ್ದರು. ಅದು ನಿಲ್ಲಿಸುವ ಸನ್ನೆಯೋ ಅಕ್ಕರೆಯ ಸನ್ನೆಯೋ ಎಂಬುದನ್ನು ಸನ್ನೆಗಾರನ ಸೀಟಿಯ ಮೇಲೆ ಬಿಡಲಾಗಿತ್ತು. ಈ ಸನ್ನೆಗಾರನನ್ನು ಎಲ್ಲರೂ 'ಸೀಟಿ ಮಾಮ' ಎನ್ನುತ್ತಿದ್ದರು.

ಮೂರನೇ ಅಕ್ಕ ಮೊದಲ ದಿನವೇ ಹಮಾಲರನ್ನು ಸೇರಿಸಿ ಹೇಳಿದರು: "ನೋಡ್ರಪ್ಪ, ಪ್ರೀತಿ ಇದ್ದರೆ ಮನಸ್ಸಲ್ಲಿ ಇಟ್ಕೊಳ್ಳಿ. ಎರಡು ಕೈ ಮೇಲೆ ಹೋದರೆ ನಾನು ನಿಲ್ಲಿಸ್ತೀನಿ. ಯಾರ ಕೈ ಅಂತ ನೋಡಲ್ಲ."

ಹಮಾಲರು ನಕ್ಕರು. ಬೇಕೆಂದೇ ಕೈ ಬೀಸಿದರು. ಪ್ರತಿ ಸಲವೂ ಭಾರ ಗಾಳಿಯಲ್ಲಿ ನಿಂತಿತು. ಕೆಲಸ ಹಿಂದೆ ಬಿದ್ದು ಮೇಸ್ತ್ರಿಯಿಂದ ಬೈಸಿಕೊಂಡದ್ದು ಅವರೇ. ವಾರ ಕಳೆಯುವಷ್ಟರಲ್ಲಿ ಕೈಗಳು ತಮ್ಮಷ್ಟಕ್ಕೆ ತಾವು ಕೆಳಗಿಳಿದವು.

ಆಕೆಯ ಪರೀಕ್ಷಾವಧಿ ಮುಗಿಯುತ್ತ ಬಂದಾಗ ಹೊಸ ಮಾದರಿಯ ರೈಲು ಎಂಜಿನೊಂದು ಹಡಗಿನಲ್ಲಿ ಬಂತು. ಅದನ್ನು ಇಳಿಸುವುದೇ ಒಂದು ಸಮಾರಂಭವಾಯಿತು. ವೇದಿಕೆ, ಬ್ಯಾಂಡು, ಛಾಯಾಗ್ರಾಹಕರು, ದೂರದಿಂದ ಬಂದ ಮುಖ್ಯ ಅತಿಥಿಗಳು. ಎಂಜಿನು ಹಡಗಿನ ಅಂಚನ್ನು ದಾಟಿ ಕಟ್ಟೆಯ ಮೇಲಕ್ಕೆ ಬರುತ್ತಿದ್ದಾಗ, ಕ್ರೇನ್ ನಡೆಸುತ್ತಿರುವವರು ಮಹಿಳೆಯೆಂದು ಯಾರೋ ಅತಿಥಿಗಳ ಕಿವಿಯಲ್ಲಿ ಉಸುರಿದರು. ಅವರು ಸಂತೋಷದಿಂದ ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿದರು.

ಎಂಜಿನು ನಿಂತಿತು.

ತಮಗಾಗಿಯೇ ನಿಲ್ಲಿಸಿದರೆಂದು ಅತಿಥಿಗಳಿಗೆ ಇನ್ನೂ ಹಿಗ್ಗು. ಕೈ ಇಳಿಸಿದರು, ಎಂಜಿನು ಚಲಿಸಿತು. ಮತ್ತೆ ಎತ್ತಿದರು, ಮತ್ತೆ ನಿಂತಿತು. ಬ್ಯಾಂಡಿನವರು ನುಡಿಸಿದ್ದನ್ನೇ ನುಡಿಸಿದರು. ಬಂದರಿನ ಮುಖ್ಯಾಧಿಕಾರಿಗಳ ಮುಖ ಕಪ್ಪಿಟ್ಟಿತು. ಕಡೆಗೆ ಸೀಟಿ ಮಾಮ ವೇದಿಕೆಯ ಬಳಿಗೆ ನಡೆದುಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ಸ್ವಾಮಿ, ತಾವು ಕೈ ಇಳಿಸಿದರೆ ನಾವು ಎಂಜಿನ್ ಇಳಿಸ್ತೀವಿ."

ಜನ ಗೊಳ್ಳೆಂದು ನಕ್ಕರು. ಅತಿಥಿಗಳೂ ನಕ್ಕರು, ಆದರೆ ಕೈಗಳನ್ನು ಜೇಬಿಗೆ ಸೇರಿಸಿ, ಸಮಾರಂಭ ಮುಗಿಯುವವರೆಗೂ ಹೊರಗೆ ತೆಗೆಯಲಿಲ್ಲ. ಆ ದಿನದ ಫೋಟೊಗಳು ಯಾವ ಪತ್ರಿಕೆಗೂ ಹೋಗದಂತೆ ಮುಖ್ಯಾಧಿಕಾರಿಗಳು ನೋಡಿಕೊಂಡರು. ಫೋಟೊ ಇಲ್ಲದಿರಲು ಇದು ಮೊದಲ ಕಾರಣ.

ಮರುದಿನ ವಿಚಾರಣೆ ನಡೆಯಿತು. ಹಾಜರಿ ವಿಭಾಗದವನಾಗಿ ನಾನೂ ಆ ಕೋಣೆಯಲ್ಲಿದ್ದೆ. ಮುಖ್ಯಾಧಿಕಾರಿಗಳು ಮತ್ತು ಯಂತ್ರ ವಿಭಾಗದ ಹಿರಿಯ ಎಂಜಿನಿಯರು ಮೇಜಿನ ಆಚೆ, ಆಕೆ ಈಚೆ. ಆಕೆಗೆ ತಲೆ ಸುತ್ತಿತ್ತೆಂದು ಕೆಲವರು ಇಂದಿಗೂ ಹೇಳುತ್ತಾರೆ. ಆ ಮಾತು ಹುಟ್ಟಿದ್ದು ಆ ಕೋಣೆಯಲ್ಲಿ, ಹುಟ್ಟಿಸಿದವರು ಮುಖ್ಯಾಧಿಕಾರಿಗಳು.

"ನೋಡಿಯಮ್ಮ," ಎಂದರು ಅವರು ಮೃದುವಾಗಿಯೇ, "ಅಷ್ಟು ಎತ್ತರ, ಅಷ್ಟು ಜನ. ತಲೆ ಸುತ್ತಿರಬೇಕು. ಹಾಗಂತ ಬರೆದುಕೊಡಿ. ಇದೇ ಸಂಬಳದಲ್ಲಿ ಕೆಳಗೆ ಕಚೇರಿಗೆ ಹಾಕಿಸ್ತೀನಿ. ನಿಮಗೂ ಕಷ್ಟವಿಲ್ಲ, ನಮಗೂ ತಲೆನೋವಿಲ್ಲ."

"ಸುತ್ತಲಿಲ್ಲ ಸರ್."

"ಸುತ್ತಲಿಲ್ಲ ಅಂದರೆ ಬೇಕು ಅಂತಲೇ ನಿಲ್ಲಿಸಿದಿರಿ ಅಂತಾಗುತ್ತೆ. ಆಗ ಖಾಯಂ ಮಾಡೋಕೆ ಆಗಲ್ಲ."

"ಬೇಕು ಅಂತಲೇ ನಿಲ್ಲಿಸಿದೆ ಸರ್. ನಿಲ್ಲಿಸು ಅಂತ ಕೈ ಬಂತು."

"ಅವರು ಮುಖ್ಯ ಅತಿಥಿಗಳು ಕಣಮ್ಮ!"

"ಮೇಲಿಂದ ಎಲ್ಲರ ತಲೆಯೂ ಒಂದೇ ಥರ ಕಾಣುತ್ತೆ ಸರ್. ಅವರದು ಸ್ವಲ್ಪ ಹೊಳೀತಿತ್ತು, ಅಷ್ಟೇ."

ಹಿರಿಯ ಎಂಜಿನಿಯರು ಕರವಸ್ತ್ರ ತೆಗೆದು ಅನವಶ್ಯಕವಾಗಿ ಮೂಗು ಒರೆಸಿಕೊಂಡರು. ಎರಡು ದಿನದೊಳಗೆ ಬರೆದುಕೊಡದಿದ್ದರೆ ಪ್ರತಿಕೂಲ ವರದಿ ಹೋಗುತ್ತದೆಂದು ಮುಖ್ಯಾಧಿಕಾರಿಗಳು ಮಾತು ಮುಗಿಸಿದರು. ತಲೆ ಸುತ್ತಿತೆಂದು ಬರೆದರೆ ಆಕೆ ಉಳಿಯುತ್ತಿದ್ದರು, ಹೆಂಗಸರ ಕ್ರೇನ್ ಹುದ್ದೆ ಹೋಗುತ್ತಿತ್ತು. ಬರೆಯದಿದ್ದರೆ ಎರಡೂ ಹೋಗುವ ಸಂಭವವಿತ್ತು.

ಆಕೆಯ ಅತ್ತೆ ಅದೇ ಬಂದರಿನ ಗೋದಾಮಿನ ಮುಂದೆ ಕೂತು ಹರಿದ ಗೋಣಿಚೀಲಗಳನ್ನು ಹೊಲಿಯುತ್ತಿದ್ದವರು. ಸಂಜೆ ಅವರ ದನಿ ನಮ್ಮ ಮನೆಯವರೆಗೂ ಕೇಳಿಸಿತು.

"ಒಂದು ಸಾಲು ಬರೆದುಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ?"

"ಅತ್ತೆ, ತಲೆ ಸುತ್ತಲೇ ಇಲ್ಲವಲ್ಲ."

"ನಿನ್ನ ಮಾತು ಕೇಳಿ ನನಗೆ ಸುತ್ತುತ್ತಿದೆ. ಅದನ್ನೇ ಬರಿ!"

"ನಾನು ಬರೆದರೆ ಇನ್ನು ಮೇಲೆ ಏಣಿ ಹತ್ತೋಕೆ ಬಂದ ಹೆಣ್ಣುಮಕ್ಕಳಿಗೆಲ್ಲ ತಲೆ ಸುತ್ತುತ್ತೆ ಅಂತ ಕಳಿಸ್ತಾರೆ."

"ಊರ ಹೆಣ್ಣುಮಕ್ಕಳನ್ನೆಲ್ಲ ನಿನ್ನ ತಲೆ ಮೇಲೆ ಕೂರಿಸಿದೋರು ಯಾರು?"

"ಮೂರನೆಯವಳಾಗಿ ಹೋದೆನಲ್ಲ ಅತ್ತೆ. ನಾಲ್ಕನೆಯವಳಾಗಿದ್ದರೆ ಬರೆದುಕೊಡ್ತಿದ್ದೆ."

ಅತ್ತೆ ಪಾತ್ರೆಯೊಂದನ್ನು ಕುಕ್ಕಿದ ಸದ್ದಾಯಿತು. ಮಾತು ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಹಡಗಿನಿಂದ ಕಾಗದದ ಸುರುಳಿಗಳನ್ನು ಇಳಿಸುತ್ತಿದ್ದರು. ಹಿರಿಯ ಎಂಜಿನಿಯರು ಯಾರಿಗೂ ಹೇಳದೆ ಕಟ್ಟೆಗೆ ಬಂದರು. ಹಮಾಲನೊಬ್ಬನ ತಲೆವಸ್ತ್ರ ಇಸಿದುಕೊಂಡು ಸುತ್ತಿಕೊಂಡು ಗುಂಪಿನಲ್ಲಿ ನಿಂತು ಎರಡೂ ಕೈ ಎತ್ತಿದರು. ಭಾರ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಗೋದಾಮಿನ ಮೂಲೆಯಿಂದ ಎತ್ತಿದರು. ಆಗಲೂ ನಿಂತಿತು. ಅವರಿಗೆ ಇನ್ನೂ ಸಮಾಧಾನವಾಗಲಿಲ್ಲ. ಗೋಣಿಚೀಲ ಹೊಲಿಯುತ್ತಿದ್ದ ಅತ್ತೆಯ ಬಳಿಗೆ ಹೋದರು.

"ಅಜ್ಜಿ, ಮೇಲೆ ಕೂತಿರೋರು ನಿಮಗೆ ಏನಾಗಬೇಕು?"

"ಸೊಸೆ. ಯಾಕೆ, ಮತ್ತೇನು ಮಾಡಿದಳು?"

"ಏನಿಲ್ಲ. ಒಂದು ಸಲ ಎರಡೂ ಕೈ ಎತ್ತಿ ಬೀಸಿ ನೋಡೋಣ."

ಅತ್ತೆ ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಕೈ ಎತ್ತಿದರು. ಕಾಗದದ ಸುರುಳಿ ಗಾಳಿಯಲ್ಲಿ ಗಕ್ಕನೆ ನಿಂತಿತು. ಮರುಕ್ಷಣ ಕ್ಯಾಬಿನ್ನಿನ ಧ್ವನಿವರ್ಧಕ ಗರಗರ ಎಂದಿತು:

"ಅತ್ತೆ, ನೀವೂ ಶುರು ಮಾಡಿದ್ರಾ?"

ಕಟ್ಟೆಯ ತುಂಬ ನಗೆ. ಎಂಜಿನಿಯರು ತಲೆವಸ್ತ್ರವನ್ನು ಬಿಚ್ಚಿ ಅದರಿಂದಲೇ ಕಣ್ಣೊರೆಸಿಕೊಂಡರು. ಆ ಮಧ್ಯಾಹ್ನವೇ ಅವರು ಸಲ್ಲಿಸಿದ ವರದಿಯನ್ನು ಕಡತಕ್ಕೆ ಸೇರಿಸಿದವನು ನಾನು. ಕೈ ಎತ್ತಿದವರು ಯಾರೆಂದು ನೋಡದೆ ಇವರು ನಿಲ್ಲಿಸುತ್ತಾರೆ, ಇಂಥವರೇ ಕ್ರೇನಿಗೆ ಬೇಕು, ಖಾಯಂ ಮಾಡತಕ್ಕದ್ದು, ಮಹಿಳೆಯರ ಮುಂದಿನ ಹುದ್ದೆಗಳನ್ನೂ ತುಂಬತಕ್ಕದ್ದು ಎಂಬುದು ಅದರ ಸಾರಾಂಶ. ಮುಖ್ಯಾಧಿಕಾರಿಗಳು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು. ಹಾಕಿದರೆಂಬುದನ್ನೂ ದಾಖಲಿಸಬೇಕು.

ಅಂದು ಸಂಜೆ ಅತ್ತೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ ಹೇಳಿದರು: "ನಾನು ಕೈ ಎತ್ತಿದರೆ ಅಷ್ಟು ದೊಡ್ಡ ಯಂತ್ರ ನಿಂತುಬಿಡುತ್ತೆ ಕಣಮ್ಮ. ಮನೇಲಿ ಮಾತ್ರ ನಾನು ಎಷ್ಟು ಕೈ ಎತ್ತಿದರೂ ಇವಳ ಬಾಯಿ ನಿಲ್ಲಲ್ಲ." ಹೇಳುವಾಗ ಅವರ ಮುಖದಲ್ಲಿದ್ದದ್ದು ದೂರಲ್ಲ.

ನಾಲ್ಕನೆಯವರು ಬಂದರು, ಐದನೆಯವರು ಬಂದರು. ಅನಂತರ ಎಣಿಕೆ ನಿಂತುಹೋಯಿತು. ಬಂದವರಿಗೆಲ್ಲ ಮೂರನೇ ಅಕ್ಕನೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಮೊದಲ ಪಾಠ ಕೈಗಳದ್ದು, ಎರಡನೆಯದು ಪಾದರಕ್ಷೆಯದು.

ಇನ್ನು ಫೋಟೊ ಇಲ್ಲದಿರಲು ಎರಡನೆಯ ಕಾರಣ. ಆಕೆಯ ನಿವೃತ್ತಿಯ ದಿನ ಪತ್ರಿಕೆಯ ಛಾಯಾಗ್ರಾಹಕರೊಬ್ಬರು ಬಂದಿದ್ದರು. ಕೊನೆಯ ಭಾರ ಗಾಳಿಯಲ್ಲಿರುವಾಗ ಎಲ್ಲರೂ ಕೈ ಬೀಸಿದರೆ ಚಿತ್ರ ಸೊಗಸಾಗುತ್ತದೆಂದು ಅವರು ಹಮಾಲರನ್ನು ಸಾಲಾಗಿ ನಿಲ್ಲಿಸಿದರು. ಸೀಟಿ ಮಾಮನಿಗೆ ಆಗಲೇ ನಿವೃತ್ತಿಯಾಗಿತ್ತು. ಆದರೂ ಆ ದಿನಕ್ಕೆಂದು ಸೀಟಿಯ ಸಮೇತ ಬಂದಿದ್ದ.

"ಯಾರೂ ಕೈ ಎತ್ತಕೂಡದು," ಎಂದ.

"ಒಂದೇ ನಿಮಿಷ ಯಜಮಾನರೇ. ಪ್ರೀತಿಯಿಂದ ತಾನೇ?"

"ಪ್ರೀತಿ ಇದೆ. ಅದಕ್ಕೇ ಎತ್ತಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಛಾಯಾಗ್ರಾಹಕರು ಎರಡು ಬಾರಿ ಬೇಡಿಕೊಂಡರು; ಇದರಲ್ಲಿ ತೆಗೆಯುವುದಕ್ಕೇನೂ ಇಲ್ಲವೆಂದು ಗೊಣಗುತ್ತ ಪೆಟ್ಟಿಗೆ ಮುಚ್ಚಿಕೊಂಡು ಹೊರಟುಹೋದರು. ಕೊನೆಯ ಭಾರ ನಿಧಾನವಾಗಿ ಸರಿದು, ಸ್ವಲ್ಪವೂ ತೂಗಾಡದೆ ನೆಲ ಮುಟ್ಟಿತು. ಕೊಕ್ಕೆ ಮೇಲೇರಿ ತನ್ನ ಜಾಗದಲ್ಲಿ ನೆಲೆಸಿತು. ಮೋಟರಿನ ಸದ್ದು ನಿಂತಿತು. ಕ್ಯಾಬಿನ್ನಿನ ದೀಪ ಆರಿತು.

ಆಗ ಸೀಟಿ ಮಾಮ ಒಂದು ಸಲ ಸೀಟಿ ಊದಿದ. ಬೆನ್ನ ಹಿಂದಿದ್ದ ಕೈಗಳೆಲ್ಲವೂ ತಲೆಯ ಮೇಲಕ್ಕೆ ಹೋದವು. ಹಮಾಲರು, ಚಾಲಕಿಯರು, ಗೋಣಿಚೀಲ ಹೊಲಿಯುವವರು, ಕಿಟಕಿಯ ಬಳಿ ನಾನು, ಎಲ್ಲರೂ ಎರಡೂ ಕೈ ಎತ್ತಿ ಬೀಸಿದೆವು. ಏಣಿ ಇಳಿಯುತ್ತಿದ್ದ ಮೂರನೇ ಅಕ್ಕ ನಡುವೆಯೇ ತಿರುಗಿ ನೋಡಿ, ನಿಂತುಬಿಟ್ಟರು.