ಹಲ್ಲುನೋವಿಗೆ ಮುಚ್ಚಿದ ಬಂದರು

ಬಂದರಿನವರೆಲ್ಲ ಅವನನ್ನು ಕರೆಯುತ್ತಿದ್ದುದು ಲಾಂಚಣ್ಣ ಎಂದೇ. ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ಮೋಟಾರು ದೋಣಿಯಲ್ಲಿ ನೀರು, ತರಕಾರಿ, ಕಾಗದಪತ್ರ ಮುಟ್ಟಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸ. ಜಗತ್ತಿಗೆಲ್ಲ ಪಿಡುಗು ಹಬ್ಬಿದ ಆ ವರ್ಷ ಹಡಗಿನಿಂದ ಯಾರೂ ಇಳಿಯುವಂತಿರಲಿಲ್ಲ, ಯಾರೂ ಹತ್ತುವಂತಿರಲಿಲ್ಲ. ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಬರುತ್ತಿತ್ತು. ಇವನು ತುಂಬಿಸಿ ಕಳಿಸುತ್ತಿದ್ದ.

ಅಂಥದೊಂದು ಹಡಗಿನ ಅಡುಗೆಯವನು ಇವನ ಒಡಹುಟ್ಟಿದ ಅಣ್ಣ. ನೆಲ ಮೆಟ್ಟಿ ಹನ್ನೊಂದು ತಿಂಗಳಾಗಿತ್ತು. ಹಡಗಿನ ಬಾವುಟ ಬೇರೆ ದೇಶದ್ದು, ಹಾಗಾಗಿ ಊರಿನ ಮಗ ಊರಿನೆದುರೇ ಪರದೇಶಿ.

"ಏನಣ್ಣಾ, ಕೆನ್ನೆ ಅಷ್ಟು ದಪ್ಪ? ಬಾಯಲ್ಲಿ ಏನು ಬಚ್ಚಿಟ್ಕೊಂಡಿದೀಯ?"

"ಹಲ್ಲು ಕಣೋ, ಹಾಳಾದ್ದು. ಕೀವು ಕಟ್ಟಿದೆ. ಮೂರು ದಿನದಿಂದ ಜ್ವರ. ನಾನು ಬೇಯಿಸಿದ್ದು ನನಗೇ ನುಂಗಕ್ಕಾಗ್ತಿಲ್ಲ."

"ನೀನು ಬೇಯಿಸಿದ್ದು ಹಲ್ಲು ನೆಟ್ಟಗಿರೋರಿಗೂ ನುಂಗಕ್ಕಾಗಲ್ಲ ಬಿಡು."

ನಕ್ಕದ್ದು ತಮ್ಮನೊಬ್ಬನೇ.

ದಿನಾ ಬೆಳಿಗ್ಗೆ ಎಲ್ಲರ ಮೈಬಿಸಿ ಬರೆದ ಹಾಳೆ ಬುಟ್ಟಿಯಲ್ಲಿ ಇಳಿಯುತ್ತಿತ್ತು. ಇವನು ಅದನ್ನು ಬಂದರಿನ ಆರೋಗ್ಯ ಕಚೇರಿಗೆ ಕೊಡಬೇಕು. ಯಾವ ಹಡಗಿನವರೂ ನಿಜ ಬರೆಯುತ್ತಿರಲಿಲ್ಲ. ಥರ್ಮಾಮೀಟರ್ ಮುಟ್ಟದೆಯೇ ಎಲ್ಲರಿಗೂ ಒಂದೇ ಅಂಕಿ. ಅದು ಇವನಿಗೂ ಗೊತ್ತು, ಕಚೇರಿಗೂ ಗೊತ್ತು.

"ಅಣ್ಣಾ, ನಾಳೆ ಇದ್ದದ್ದು ಇದ್ದ ಹಾಗೆ ಬರೆಸು. ಜ್ವರ ಅಂತ ಕಂಡ್ರೆ ಡಾಕ್ಟರು ಓಡಿ ಬರ್ತಾರೆ," ಎಂದ.

ಬರೆಸಿದ. ಡಾಕ್ಟರು ಬರಲಿಲ್ಲ. ಮಂತ್ರಿಗಳು ಟೀವಿಗೆ ಬಂದರು. ಆ ಬಾವುಟದ ದೇಶ ಬೇಕೆಂದೇ ನಮ್ಮ ಬಾಗಿಲಿಗೆ ರೋಗ ಕಳಿಸಿದೆ ಎಂದರು. ಆ ದೇಶ ಸಿಟ್ಟಿಗೆದ್ದು ಇಲ್ಲಿಗೆ ಹೊರಟಿದ್ದ ಔಷಧದ ಹಡಗನ್ನು ತಡೆಯಿತು. ಈ ದೇಶ ಆ ಬಾವುಟದ ಹಡಗುಗಳಿಗೆಲ್ಲ ಬಂದರು ಮುಚ್ಚಿತು. ಐದೇ ದಿನಗಳಲ್ಲಿ ಒಂದು ಹುಳುಕು ದವಡೆಹಲ್ಲು ಎರಡು ದೇಶಗಳ ಮಾನದ ಪ್ರಶ್ನೆಯಾಗಿ ಕೂತಿತು. ಆ ಬಾಯಿ ತೆರೆಸಿ ನೋಡುವ ತೊಂದರೆಯನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

"ಸಾರ್, ಅದು ಹಲ್ಲುನೋವು ಸಾರ್. ಕಣ್ಣಾರೆ ನೋಡಿದೀನಿ," ಎಂದು ಲಾಂಚಣ್ಣ ಆರೋಗ್ಯ ಕಚೇರಿಯ ಕಿಟಕಿಗೆ ಅಂಟಿಕೊಂಡ.

"ಅದೀಗ ಹಲ್ಲಲ್ಲಪ್ಪಾ, ವಿದೇಶಾಂಗ. ನನ್ನ ಕೈಲೇನಿದೆ?" ಎಂದ ಗುಮಾಸ್ತ ಒಂದು ಲಕೋಟೆ ನೂಕಿದ. "ಇದನ್ನು ಹಡಗಿಗೆ ಮುಟ್ಟಿಸು."

ನಾಳೆ ಮಧ್ಯಾಹ್ನದೊಳಗೆ ಲಂಗರು ಕಿತ್ತು ಹೊರಡಬೇಕೆಂಬ ಆಜ್ಞೆ. ಆ ಬಾವುಟವನ್ನು ಒಳಗೆ ಬಿಡುವ ಬಂದರು ಹದಿನೇಳು ದಿನಗಳ ದೂರದಲ್ಲಿತ್ತು.

ಲಕೋಟೆಯ ಜೊತೆಗೆ ಅತ್ತಿಗೆ ಕೊಟ್ಟ ಮಾತ್ರೆಗಳನ್ನೂ ಬುಟ್ಟಿಗೆ ಹಾಕಿದ. ಮೇಲೆ ಅಣ್ಣ ಕಂಬಿಗೆ ಒರಗಿ ನಿಂತಿದ್ದ. ಬಾವು ಕುತ್ತಿಗೆಗಿಳಿದಿತ್ತು.

"ಡಾಕ್ಟರು ಬಂದ್ರೇನೋ?"

"ಇಲ್ಲಣ್ಣಾ. ಬರೆಸು ಅಂದಿದ್ದು ನಾನೇ. ನಂದೇ ತಪ್ಪು."

ಇಂಜಿನ್ನಿನ ಸದ್ದಿನಲ್ಲಿ ಅಣ್ಣನಿಗೆ ಕೇಳಿಸಿತೋ ಇಲ್ಲವೋ. ಹೋಗು ಎಂಬಂತೆ ಕೈ ಆಡಿಸಿದ.

ಹಡಗು ಹೊರಟ ಒಂಬತ್ತನೆಯ ದಿನ ಅಡುಗೆಯವನ ಹೆಣವನ್ನು ನಡುಗಡಲಿನಲ್ಲಿ ನೀರಿಗಿಳಿಸಿದರು. ಸುದ್ದಿ ಹೊತ್ತು ಅತ್ತಿಗೆಯ ಮನೆಗೆ ಹೋದವನೂ ಇವನೇ. ಅವಳು ಅಳಲಿಲ್ಲ. "ಸುಮ್ನೆ ಇರೋದು ಬಿಟ್ಟು ಜ್ವರ ಅಂತ ಬರೆಸಿದ ಪುಣ್ಯಾತ್ಮ ಯಾರು ಮೈದುನಾ?" ಎಂದಳು.

"ಗೊತ್ತಿಲ್ಲ ಅತ್ತಿಗೆ," ಎಂದ.